ಆತಂಕಕ್ಕೆ ಮೊದಲು ಯಾರನ್ನು ಕಾಣುವುದು? ಫ್ಯಾಮಿಲಿ ಡಾಕ್ಟರ್, ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್: ಒಂದು ಹೋಲಿಕೆ

"ಎದೆ ಡವಡವ ಅಂತಿದೆ, ಉಸಿರು ಪೂರ್ತಿ ಸಿಗ್ತಿಲ್ಲ" ಅನ್ನುವವರು ನಮ್ಮಲ್ಲಿ ಮೊದಲು ಓಡುವುದು ಹೃದಯದ ಡಾಕ್ಟರ ಹತ್ತಿರ. ಇಸಿಜಿ ನಾರ್ಮಲ್, ಎಕೋ ನಾರ್ಮಲ್. ಆಮೇಲೆ ಗ್ಯಾಸ್ಟ್ರಿಕ್ ಇರಬಹುದೆಂದು ಎಂಡೋಸ್ಕೋಪಿ, ತಲೆಸುತ್ತಿಗೆಂದು ಸ್ಕ್ಯಾನಿಂಗ್, ಅಷ್ಟರಲ್ಲಿ ಚಿಕ್ಕಮ್ಮನೋ ಅತ್ತೆಯೋ ಹೇಳಿದ ಕಡೆಯಿಂದ ಒಂದು ತಾಯತ. ಫೈಲು ದಪ್ಪಗಾಗುತ್ತಾ ಹೋಗುತ್ತದೆ, ಗಾಬರಿ ಇದ್ದಲ್ಲೇ ಇರುತ್ತದೆ. ಕೊನೆಗೆ ಒಬ್ಬ ಡಾಕ್ಟರು "ನಿಮಗೇನೂ ಆಗಿಲ್ಲ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಎಂದು ಕಳಿಸಿಬಿಡುತ್ತಾರೆ. ರೋಗಿಗೆ ಇದಕ್ಕಿಂತ ನಿರುಪಯೋಗಿ ಮಾತು ಇನ್ನೊಂದಿಲ್ಲ. ಟೆನ್ಷನ್ ಕಡಿಮೆ ಮಾಡಿಕೊಳ್ಳುವುದು ಗೊತ್ತಿದ್ದರೆ ಅವರು ಅಷ್ಟು ಆಸ್ಪತ್ರೆ ಸುತ್ತುತ್ತಲೇ ಇರಲಿಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ ಮತ್ತು ಖಿನ್ನತೆ ಸೇರಿದ ಸಾಮಾನ್ಯ ಮಾನಸಿಕ ತೊಂದರೆಗಳಲ್ಲಿ ಚಿಕಿತ್ಸೆ ಸಿಗದೇ ಉಳಿದವರು ಶೇ. 85. ಇದಕ್ಕೆ ನಾಚಿಕೆ, ದುಡ್ಡು, ದೂರ ಎಲ್ಲವೂ ಕಾರಣ. ಜೊತೆಗೆ, ಯಾರ ಬಾಗಿಲು ತಟ್ಟಬೇಕು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಥೆರಪಿಸ್ಟ್, ಕೌನ್ಸೆಲರ್ ಎಲ್ಲ ಒಂದೇ ಅಂದುಕೊಂಡವರು ಓದಿದವರಲ್ಲೂ ಇದ್ದಾರೆ.

ಈ ಚರ್ಚೆ ಬಂದಾಗಲೆಲ್ಲ ಜನ ಮೊದಲು ಕೇಳುವುದು "ಮಾತ್ರೆ ಒಳ್ಳೇದಾ, ಕೌನ್ಸೆಲಿಂಗ್ ಒಳ್ಳೇದಾ?" ಎಂದು. ನನ್ನ ಪ್ರಕಾರ ಅದು ಆಮೇಲಿನ ಪ್ರಶ್ನೆ. ಅದಕ್ಕೂ ಮೊದಲು ನೋಡಬೇಕಾದ್ದು ಎರಡು: ಆತಂಕದಿಂದಾಗಿ ನಿಮ್ಮ ದಿನ ಎಷ್ಟು ಕಿರಿದಾಗಿದೆ, ಮತ್ತು ನಿಮ್ಮ ಭಾಷೆಯಲ್ಲಿ ಮಾತಾಡಬಲ್ಲ, ಪದೇ ಪದೇ ಹೋಗಿಬರಲು ಸಾಧ್ಯವಿರುವ ಅರ್ಹ ವ್ಯಕ್ತಿ ಯಾರು ಸಿಗುತ್ತಾರೆ.

ಸಾಮಾನ್ಯ ಚಿಂತೆಯೋ, ಕಾಯಿಲೆಯೋ

ಮಗಳ ಪಿಯುಸಿ ರಿಸಲ್ಟ್ ಬರುವ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಅದು ಕಾಯಿಲೆಯಲ್ಲ. ರಿಸಲ್ಟ್ ಬಂದು, ಸೀಟೂ ಸಿಕ್ಕಿ, ಹಾಸ್ಟೆಲ್ಲಿಗೂ ಸೇರಿಸಿಯಾದ ಮೇಲೆ "ಬಸ್ಸು ಅಪಘಾತವಾದರೆ? ಊಟಕ್ಕೆ ಏನಾದರೂ ಬಿದ್ದಿದ್ದರೆ? ಫೋನ್ ಯಾಕೆ ಎತ್ತುತ್ತಿಲ್ಲ?" ಎಂದು ತಿಂಗಳುಗಟ್ಟಲೆ ಒಂದರ ಹಿಂದೆ ಒಂದು ಚಿಂತೆ ಹುಟ್ಟುತ್ತಿದ್ದರೆ, ಭುಜ ಬಿಗಿದುಕೊಂಡು, ನಿದ್ದೆಗೆಟ್ಟು, ಸಣ್ಣದಕ್ಕೂ ಸಿಡುಕುವಂತಾಗಿದ್ದರೆ ಯೋಚಿಸಬೇಕು. ಇಂಥದ್ದು ಆರು ತಿಂಗಳು ದಾಟಿ, ಹೆಚ್ಚಿನ ದಿನಗಳಲ್ಲಿ ಕಾಡುತ್ತಿದ್ದರೆ ವೈದ್ಯರು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಎಂದು ಕರೆಯುತ್ತಾರೆ. ಆದರೆ ಸಹಾಯ ಕೇಳಲು ಆರು ತಿಂಗಳು ತುಂಬಲಿ ಎಂದು ಕಾಯಬೇಕಿಲ್ಲ.

ಜಿಎಡಿ-7 ಎಂಬ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ಕಳೆದ ಎರಡು ವಾರಗಳಲ್ಲಿ ಚಡಪಡಿಕೆ, ಹಿಡಿತಕ್ಕೆ ಸಿಗದ ಚಿಂತೆ, "ಏನೋ ಕೆಟ್ಟದ್ದಾಗುತ್ತೆ" ಅನ್ನುವ ಭಯ ಎಷ್ಟು ದಿನ ಇತ್ತು ಎಂದು ಅದು ಕೇಳುತ್ತದೆ. ಒಟ್ಟು 21 ಅಂಕ. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. 10 ಮುಟ್ಟಿದರೆ ಅರ್ಹರೊಬ್ಬರನ್ನು ಕಾಣುವುದು ಸರಿ. ಅಂಕವನ್ನೇ ಕಾಯಿಲೆಯ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಥೈರಾಯ್ಡ್ ಹೆಚ್ಚಾದವರಿಗೂ ಇಷ್ಟೇ ಅಂಕ ಬಂದೀತು.

ಅಂಕಕ್ಕಿಂತ ನಾನು ನಂಬುವುದು ಇನ್ನೊಂದು ಅಳತೆಯನ್ನು. ಆತಂಕದ ದೆಸೆಯಿಂದ ನೀವು ಏನೇನು ಬಿಟ್ಟಿದ್ದೀರಿ? ಲಿಫ್ಟು ಬಿಟ್ಟಿದ್ದೀರಾ, ಮೆಟ್ರೋ ಬಿಟ್ಟಿದ್ದೀರಾ, ಮದುವೆಮನೆ ಊಟ ಬಿಟ್ಟಿದ್ದೀರಾ, ಒಬ್ಬರೇ ಮಲಗುವುದು ಬಿಟ್ಟಿದ್ದೀರಾ? ಮೀಟಿಂಗಿನಲ್ಲಿ ಮಾತಾಡಬೇಕಾಗುತ್ತದೆಂದು ಪ್ರಮೋಷನ್ ಬೇಡ ಅಂದಿದ್ದೀರಾ? ಬಿಟ್ಟವುಗಳ ಪಟ್ಟಿ ಬೆಳೆಯುತ್ತಿದ್ದರೆ, ಅಂಕ ಎಷ್ಟೇ ಇರಲಿ, ತಡ ಮಾಡಬೇಡಿ.

ಪ್ಯಾನಿಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಆಟೋ ಹಿಡಿದು ಕ್ಯಾಶುವಾಲಿಟಿಗೆ ಓಡಿಸುವುದು ಅದೇ. ಏಕಾಏಕಿ ಎದೆ ಬಡಿತ ಏರುತ್ತದೆ, ಬೆವರು, ಕೈಕಾಲು ಜೋಮು, "ಈಗ ಸತ್ತೇ ಹೋಗ್ತೀನಿ" ಎಂಬ ಭಯ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಅಪಾಯ ಬಂತೆಂದು ಮಿದುಳು ತಪ್ಪಾಗಿ ಎಣಿಸಿ ಅಡ್ರಿನಲಿನ್ ಸುರಿಸುತ್ತದೆ. ನಾವು ಬೇಗ ಬೇಗ ಉಸಿರಾಡತೊಡಗುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ. ಆ ಜುಮ್ಮು ಕಂಡು ಇನ್ನಷ್ಟು ಹೆದರಿಕೆ, ಇನ್ನಷ್ಟು ಅಡ್ರಿನಲಿನ್. ಸುತ್ತು ಹೀಗೆ ಬಿಗಿಯಾಗುತ್ತದೆ. ಮೊದಲ ಸಲ ಎದೆನೋವು ಬಂದಾಗ, ಅದರಲ್ಲೂ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ಸಿಗರೇಟು ಸೇದುವವರು "ಇದು ಪ್ಯಾನಿಕ್ಕೇ" ಎಂದು ಮನೆಯಲ್ಲಿ ಕೂರಬಾರದು. ಆಸ್ಪತ್ರೆಗೆ ಹೋಗಿ ಹೃದಯ ತೋರಿಸಿಕೊಳ್ಳಬೇಕು. ನಾನು ಬೇಡ ಅನ್ನುವುದು ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ಮಾಡಿಸುವ ನಾಲ್ಕನೇ ಇಸಿಜಿಯನ್ನು.

ಫ್ಯಾಮಿಲಿ ಡಾಕ್ಟರ್

ಮೊದಲ ಬಾಗಿಲು ಇವರದೇ ಆಗಿರಲಿ. ಪರಿಚಯದ ಎಂಬಿಬಿಎಸ್ ಡಾಕ್ಟರು ಇದ್ದರೆ ಸಾಕು. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬೇಕೆನಿಸಿದರೆ ಬಿ12, ಒಂದು ಇಸಿಜಿ. ಆಸ್ತಮಾಕ್ಕೆ ತೆಗೆದುಕೊಳ್ಳುವ ಇನ್‌ಹೇಲರ್, ನೆಗಡಿಯ ಕೆಲವು ಮಾತ್ರೆ, ಸ್ಟಿರಾಯ್ಡ್‌ಗಳೂ ಎದೆ ಬಡಿತ ಹೆಚ್ಚಿಸುವುದುಂಟು. ದಿನಕ್ಕೆ ಎಷ್ಟು ಲೋಟ ಕಾಫಿ ಎಂದು ಅವರು ಕೇಳದಿದ್ದರೆ ನೀವೇ ಹೇಳಿ. ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇದು ಅಪ್ರಿಯ ಸಲಹೆ, ಗೊತ್ತು. ಆದರೂ ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿ ಎರಡು ವಾರ ನೋಡುವುದು ಪುಕ್ಕಟೆ ಪರೀಕ್ಷೆ.

ಸೌಮ್ಯ ಆತಂಕಕ್ಕೆ ಇಲ್ಲೇ ದಾರಿ ಸಿಗಬಹುದು. ಅಪಾಯ ಇರುವುದು ಒಂದೇ ಕಡೆ: "ಗಾಬರಿಯಾದಾಗ ಒಂದು ತಗೊಳ್ಳಿ" ಎಂದು ಬರೆದುಕೊಡುವ ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಮಾತ್ರೆ. ಅರ್ಧ ಗಂಟೆಯಲ್ಲಿ ಸಮಾಧಾನ ತರುತ್ತವೆ, ಅದಕ್ಕೇ ಜನಕ್ಕೆ ಇಷ್ಟ. ಕೆಲವೇ ವಾರಗಳಲ್ಲಿ ದೇಹ ಅವಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅವಿಲ್ಲದೆ ನಿದ್ದೆಯೇ ಬರುವುದಿಲ್ಲ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಚಿಕಿತ್ಸೆಯ ಆರಂಭದಲ್ಲಿ ಎರಡೋ ಮೂರೋ ವಾರ ಆಸರೆಯಾಗಿ ಕೊಟ್ಟರೆ ಅದಕ್ಕೆ ಅರ್ಥವಿದೆ. ಹಳೆಯ ಚೀಟಿ ಹಿಡಿದು ಮೆಡಿಕಲ್ ಸ್ಟೋರಿನಿಂದ ವರ್ಷಗಟ್ಟಲೆ ತರುತ್ತಿದ್ದರೆ ಅದು ಚಿಕಿತ್ಸೆ ಅನ್ನಿಸಿಕೊಳ್ಳುವುದಿಲ್ಲ. ಈಗಾಗಲೇ ಹಾಗೆ ಸಿಕ್ಕಿಕೊಂಡವರು ತಾವಾಗಿಯೇ ನಿಲ್ಲಿಸದೆ ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ನಿಧಾನವಾಗಿ ಇಳಿಸಿಕೊಳ್ಳಬೇಕು.

ಸೈಕಿಯಾಟ್ರಿಸ್ಟ್

ಇವರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ವೈದ್ಯರು. ಕಾಯಿಲೆ ಯಾವುದೆಂದು ಹೇಳುವವರು, ಔಷಧಿ ಬರೆಯಬಲ್ಲವರು. ಆತಂಕ ತೀವ್ರವಾಗಿದ್ದರೆ, ಜೊತೆಗೆ ಖಿನ್ನತೆ, ಕುಡಿತ, ಊಟ ನಿದ್ದೆ ಪೂರ್ತಿ ಕೆಟ್ಟಿರುವುದು ಇದ್ದರೆ, ಕೆಲಸಕ್ಕೆ ಹೋಗಲಾಗದೇ ಇದ್ದರೆ ನೇರ ಇವರ ಹತ್ತಿರ ಹೋಗುವುದೇ ಸರಿ. ಸಾಯುವ ಯೋಚನೆ ಬರುತ್ತಿದ್ದರೆ ಯಾವ ಹೋಲಿಕೆಯೂ ಬೇಡ: ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ, ಅಥವಾ ತುರ್ತು ಕರೆಯ 112, ಅಥವಾ ಟೆಲಿ ಮಾನಸ್ ಸಹಾಯವಾಣಿ 14416. ಮನೆಯವರೊಬ್ಬರಿಗೆ ಆಗಲೇ ಹೇಳಿಬಿಡಿ.

ಇವರು ಸಾಮಾನ್ಯವಾಗಿ ಬರೆಯುವುದು ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್‌ನಂಥ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಇವು ಆಲ್‌ಪ್ರಜೋಲಾಮ್ ಥರ ತಕ್ಷಣ ಕೆಲಸ ಮಾಡುವುದಿಲ್ಲ, ಅದರ ಥರ ಚಟವನ್ನೂ ಹಿಡಿಸುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ಗುಣ ಕಾಣತೊಡಗುತ್ತದೆ, ಕೆಲವರಿಗೆ ಇನ್ನೂ ತಡ. ಮೊದಲ ವಾರದಲ್ಲಿ ವಾಕರಿಕೆ, ಹೊಟ್ಟೆ ತಳಮಳ, ಚಡಪಡಿಕೆ ಹೆಚ್ಚಾಗುವುದೂ ಉಂಟು. "ಮಾತ್ರೆ ನನಗೆ ಆಗಿಬರಲಿಲ್ಲ" ಎಂದು ಬಹಳ ಜನ ಬಿಡುವುದು ಈ ಏಳೆಂಟು ದಿನದೊಳಗೇ. ಇದನ್ನು ಮೊದಲೇ ಹೇಳಿ ಕಳಿಸುವ ಡಾಕ್ಟರು ಒಳ್ಳೆಯ ಡಾಕ್ಟರು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸುತ್ತಾರೆ. "ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ" ಎಂಬ ಮಾತು ಆತಂಕದ ಕಾಯಿಲೆಯ ಬಹುಪಾಲು ಜನಕ್ಕೆ ನಿಜವಲ್ಲ.

ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ಬೇಸರಪಟ್ಟವರದು ಹೆಚ್ಚಾಗಿ ಒಂದೇ ದೂರು: "ಹತ್ತು ನಿಮಿಷ ಮಾತಾಡಿಸಿ ಚೀಟಿ ಕೊಟ್ಟರು." ಒಪಿಡಿಯಲ್ಲಿ ಸರತಿ ನಿಂತವರ ಸಂಖ್ಯೆ ನೋಡಿದರೆ ಕಾರಣ ತಿಳಿಯುತ್ತದೆ. ಅವರಿಂದ ವಾರ ವಾರ ಮುಕ್ಕಾಲು ಗಂಟೆ ಮಾತನ್ನು ನಿರೀಕ್ಷಿಸಬೇಡಿ. ರೋಗ ನಿರ್ಣಯ, ಔಷಧಿ, ಮೇಲುಸ್ತುವಾರಿ ಅವರಿಂದ ಪಡೆದು, ಮಾತಿನ ಚಿಕಿತ್ಸೆಗೆ ಬೇರೆಯವರನ್ನು ಹುಡುಕುವುದು ಜಾಣತನ.

ಕ್ಲಿನಿಕಲ್ ಸೈಕಾಲಜಿಸ್ಟ್

ಮಾತಿನ ಚಿಕಿತ್ಸೆಗೆಂದೇ ತರಬೇತಾದವರು ಇವರು. ಔಷಧಿ ಬರೆಯುವಂತಿಲ್ಲ. ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಸಹಿತ ಎಂ.ಫಿಲ್ ಅಥವಾ ಸೈ.ಡಿ ಮಾಡಿರುತ್ತಾರೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಂಡಿರುತ್ತಾರೆ. ನೋಂದಣಿ ಸಂಖ್ಯೆ ಕೇಳಿದರೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ.

ಆತಂಕಕ್ಕೆ ಹೆಚ್ಚು ಪುರಾವೆ ಇರುವ ಮಾತಿನ ಚಿಕಿತ್ಸೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟರಿಂದ ಹದಿನಾರು ಸೆಷನ್. "ಬರೀ ಮಾತಿಗೆ ಯಾಕಪ್ಪ ಅಷ್ಟು ದುಡ್ಡು" ಎಂದು ಕೇಳುವವರಿಗಾಗಿ, ಆ ಕೋಣೆಯಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ಹೇಳಬೇಕು.

ಪ್ಯಾನಿಕ್ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಅವರು ನೀರಿನ ಬಾಟಲಿ ಇಲ್ಲದೆ ಹೊರಗೆ ಹೋಗುವುದಿಲ್ಲ, ಬಸ್ಸಿನಲ್ಲಿ ಬಾಗಿಲ ಹತ್ತಿರವೇ ಕೂರುತ್ತಾರೆ, ಹಳೇ ಇಸಿಜಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾರೆ, ಗಂಟೆಗೊಮ್ಮೆ ನಾಡಿ ಹಿಡಿದು ನೋಡುತ್ತಾರೆ. ಇವೆಲ್ಲ ಅವರನ್ನು ಕಾಪಾಡುತ್ತಿವೆ ಎಂದು ಅವರ ನಂಬಿಕೆ. ವಾಸ್ತವದಲ್ಲಿ ಇವೇ ಭಯವನ್ನು ಜೀವಂತ ಇಟ್ಟಿರುತ್ತವೆ, ಏಕೆಂದರೆ "ಬಾಟಲಿ ಇತ್ತು, ಅದಕ್ಕೇ ಬದುಕಿದೆ" ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಥೆರಪಿಸ್ಟ್ ಮೊದಲು ಈ ಸುತ್ತನ್ನು ಕಾಗದದ ಮೇಲೆ ಬಿಡಿಸಿ ತೋರಿಸುತ್ತಾರೆ. ಆಮೇಲೆ ಕೋಣೆಯಲ್ಲೇ ಒಂದು ನಿಮಿಷ ನಿಂತಲ್ಲೇ ಓಡಲು ಹೇಳುತ್ತಾರೆ, ಕುರ್ಚಿಯಲ್ಲಿ ಗಿರಗಿರನೆ ತಿರುಗಿಸುತ್ತಾರೆ, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ. ಎದೆ ಡವಡವ ಅನ್ನುತ್ತದೆ, ತಲೆ ತಿರುಗುತ್ತದೆ, ಆದರೂ ಏನೂ ಆಗುವುದಿಲ್ಲ. ಹತ್ತು ಸಲ ಹೀಗಾದ ಮೇಲೆ ಎದೆಬಡಿತಕ್ಕೇ ಹೆದರುವುದು ಕಡಿಮೆಯಾಗುತ್ತದೆ. ಮುಂದಿನ ವಾರದ ಮನೆಗೆಲಸ: ಬಾಟಲಿ ಬಿಟ್ಟು ಎರಡು ಸ್ಟಾಪ್ ಬಸ್ಸಿನಲ್ಲಿ ಹೋಗಿಬರುವುದು. ಇದನ್ನು ಸ್ನೇಹಿತರ ಜೊತೆ ಹರಟಿ ಪಡೆಯಲಾಗುವುದಿಲ್ಲ. ಸ್ನೇಹಿತರು ಪ್ರೀತಿಯಿಂದ ಮಾಡುವುದು ಇದಕ್ಕೆ ತೀರಾ ವಿರುದ್ಧ: "ಬಸ್ ಯಾಕೆ, ನಾನೇ ಬಿಟ್ಟು ಬರ್ತೀನಿ ಬಾ."

ಸಾಮಾಜಿಕ ಆತಂಕಕ್ಕೆ, ನಿರಂತರ ಚಿಂತೆಗೆ, ಕಾಯಿಲೆಯ ಭಯಕ್ಕೆ ಬೇರೆ ಬೇರೆ ಕ್ರಮಗಳಿವೆ. ತಿರುಳು ಮಾತ್ರ ಒಂದೇ. ತಪ್ಪಿಸಿಕೊಳ್ಳುತ್ತಿರುವುದರ ಹತ್ತಿರಕ್ಕೆ, ಅಳತೆಯಿಂದ, ಜೊತೆಗಿದ್ದು ಕರೆದುಕೊಂಡು ಹೋಗುವುದು. ಇದು ಸುಖದ ಕೆಲಸವಲ್ಲ. ಥೆರಪಿ ಶುರುವಾದ ಮೊದಲ ಮೂರು ನಾಲ್ಕು ವಾರ ಆತಂಕ ಹೆಚ್ಚಿದಂತೆ ಅನಿಸಿದರೆ, ಅದು ಕೆಲಸ ಕೆಟ್ಟಿರುವುದರ ಗುರುತೇ ಆಗಬೇಕಿಲ್ಲ.

ಹಾಗಾದರೆ ಮಾತ್ರೆಯೋ ಮಾತೋ? 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 7ರಿಂದ 17 ವರ್ಷದ, ಆತಂಕದ ಕಾಯಿಲೆಯಿದ್ದ 488 ಮಕ್ಕಳನ್ನು ಹನ್ನೆರಡು ವಾರ ನೋಡಿದರು. ಸಿಬಿಟಿ ಮಾತ್ರ ಪಡೆದವರಲ್ಲಿ ಚೆನ್ನಾಗಿ ಸುಧಾರಿಸಿದವರು ಶೇ. 60ರಷ್ಟು, ಸರ್ಟ್ರಲಿನ್ ಮಾತ್ರ ಪಡೆದವರಲ್ಲಿ ಶೇ. 55ರಷ್ಟು, ಎರಡನ್ನೂ ಪಡೆದವರಲ್ಲಿ ಶೇ. 81ರಷ್ಟು, ಔಷಧಿಯಿಲ್ಲದ ಖಾಲಿ ಮಾತ್ರೆಯಿಂದ ಶೇ. 24ರಷ್ಟು. ದೊಡ್ಡವರ ಲೆಕ್ಕ ಇದೇ ಆಗಬೇಕೆಂದಿಲ್ಲ. ಆದರೆ ಎರಡರಲ್ಲಿ ಒಂದನ್ನೇ ಆರಿಸಿ ಇನ್ನೊಂದನ್ನು ಬೈಯುವುದು ಎಷ್ಟು ವ್ಯರ್ಥ ಅನ್ನುವುದು ಇದರಲ್ಲಿ ಕಾಣುತ್ತದೆ. ಔಷಧಿಗೆ ಸಮಯ ಕಡಿಮೆ ಬೇಕು, ದುಡ್ಡೂ ಕಡಿಮೆ. ಥೆರಪಿಯಲ್ಲಿ ಕಲಿತದ್ದು ಮುಗಿದ ಮೇಲೂ ಕೈಯಲ್ಲಿ ಉಳಿಯುತ್ತದೆ. ಸೌಮ್ಯ, ಮಧ್ಯಮ ಆತಂಕಕ್ಕೆ ಥೆರಪಿಯಿಂದ ಶುರು ಮಾಡಿ, ತೀವ್ರವಿದ್ದರೆ ಎರಡೂ. ನನ್ನ ಒಲವು ಇದು.

ತೊಂದರೆ ಇರುವುದು ಸಿಗುವುದರಲ್ಲಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ ಬಿಟ್ಟರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ವಿರಳ. ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಸೆಷನ್ನಿಗೆ ಸಾವಿರದಿಂದ ಎರಡೂವರೆ ಸಾವಿರ, ಕೆಲವೆಡೆ ಇನ್ನೂ ಹೆಚ್ಚು. ಹನ್ನೆರಡು ವಾರಕ್ಕೆ ಗುಣಿಸಿ ನೋಡಿ. ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ರಕ್ಷಣೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ ನಿಜ. ಆದರೆ ಹೆಚ್ಚಿನ ಪಾಲಿಸಿಗಳು ಕೊಡುವುದು ದಾಖಲಾದಾಗಿನ ಖರ್ಚನ್ನು, ವಾರದ ಥೆರಪಿಯ ಫೀಸನ್ನಲ್ಲ.

ಕೌನ್ಸೆಲರ್, ಥೆರಪಿಸ್ಟ್ ಎಂಬ ಬೋರ್ಡು

ಇಲ್ಲಿ ಎಚ್ಚರ ಬೇಕು. "ಥೆರಪಿಸ್ಟ್" ಎಂದು ಬೋರ್ಡು ಹಾಕಿಕೊಳ್ಳುವವರಲ್ಲಿ ಎರಡು ವರ್ಷ ಎಂ.ಎಸ್ಸಿ ಮಾಡಿ, ಹಿರಿಯರ ಕೈಕೆಳಗೆ ಪಳಗಿ, ಈಗಲೂ ತಮ್ಮ ಕೇಸುಗಳನ್ನು ಹಿರಿಯರೊಂದಿಗೆ ಚರ್ಚಿಸುವ ಒಳ್ಳೆಯ ಕೌನ್ಸೆಲರ್‌ಗಳಿದ್ದಾರೆ. ವಾರಾಂತ್ಯದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಗೋಡೆಗೆ ತೂಗಿಸಿಕೊಂಡವರೂ ಇದ್ದಾರೆ. ದಾಂಪತ್ಯದ ಜಗಳ, ಪರೀಕ್ಷೆಯ ಭಯ, ಕೆಲಸ ಹೋದ ದುಃಖ, ಸಾವಿನ ಶೋಕ ಇಂಥವಕ್ಕೆ ಒಳ್ಳೆಯ ಕೌನ್ಸೆಲರ್ ಸಾಕು. ಎಷ್ಟೋ ಸಲ ಅವರೇ ಹೆಚ್ಚು ತಾಳ್ಮೆಯವರು. ಪ್ಯಾನಿಕ್, ಗೀಳು, ಮನೆಯಿಂದ ಹೊರಗೇ ಹೋಗಲಾಗದ ಸ್ಥಿತಿಗೆ ಕ್ಲಿನಿಕಲ್ ತರಬೇತಿ ಇದ್ದವರನ್ನೇ ನೋಡಿ. ಎಂ.ಫಿಲ್ ಮಾಡಿದ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳೂ ಇದ್ದಾರೆ. ಮನೆಯವರನ್ನು ಕೂರಿಸಿ ತಿಳಿಹೇಳುವ ಕೆಲಸದಲ್ಲಿ ಅವರಷ್ಟು ಸಮರ್ಥರು ಬೇರೆಯಿಲ್ಲ. ನಮ್ಮ ಕೂಡುಕುಟುಂಬಗಳಲ್ಲಿ ಅದು ಸಣ್ಣ ಕೆಲಸವೂ ಅಲ್ಲ.

ಮೊದಲ ಫೋನಿನಲ್ಲೇ ಕೇಳಿ: ಏನು ಓದಿದ್ದೀರಿ, ನೋಂದಣಿ ಇದೆಯೇ, ನನ್ನಂಥ ತೊಂದರೆಗೆ ಯಾವ ಕ್ರಮ ಅನುಸರಿಸುತ್ತೀರಿ, ಸುಮಾರು ಎಷ್ಟು ಸೆಷನ್, ಅಗತ್ಯ ಬಿದ್ದರೆ ಯಾವ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೀರಿ. "ಮೂರೇ ಸಿಟ್ಟಿಂಗಿನಲ್ಲಿ ಗುಣ" ಅನ್ನುವವರನ್ನೂ "ಮಾತ್ರೆ ಎಲ್ಲ ವಿಷ, ಇವತ್ತೇ ಬಿಡಿ" ಅನ್ನುವವರನ್ನೂ ಅಲ್ಲೇ ಕೈಬಿಡಿ.

ಸರ್ಕಾರದ ದಾರಿಗಳು

ಜನ ಬಳಸುವುದಕ್ಕಿಂತ ಹೆಚ್ಚೇ ಇವೆ. ಅದರಲ್ಲಿ ಸುಲಭದ್ದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ, 14416ಕ್ಕೆ ಫೋನ್ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಪುಕ್ಕಟೆ, ಕನ್ನಡದಲ್ಲೂ. ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮೇಲಿನ ತಜ್ಞರಿಗೆ ದಾಟಿಸುತ್ತಾರೆ. ಇದು ಸಿಬಿಟಿಗೆ ಬದಲಿಯಾಗಲಾರದು. ಆದರೆ "ನನಗೆ ಆಗ್ತಿರೋದು ಏನು, ನನ್ನ ತಾಲೂಕಿನಲ್ಲಿ ಎಲ್ಲಿಗೆ ಹೋಗಲಿ" ಎಂಬ ಎರಡು ಪ್ರಶ್ನೆಗೆ, ಅಥವಾ ರಾತ್ರಿ ಎರಡು ಗಂಟೆಯ ಗಾಬರಿಗೆ, ಇದಕ್ಕಿಂತ ಹತ್ತಿರದ ಬಾಗಿಲು ಇಲ್ಲ. ಹೆಸರು ಹೇಳಿಕೊಳ್ಳಲು ಹಿಂಜರಿಯುವವರಿಗೆ ಮೊದಲ ಹೆಜ್ಜೆಯಾಗಿ ನಾನು ಇದನ್ನೇ ಸೂಚಿಸುತ್ತೇನೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಕೆಲವು ಜಿಲ್ಲೆಗಳಲ್ಲಿ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು ಅದಕ್ಕೂ ಮುಂಚೆ, ಎಂಬತ್ತರ ದಶಕದಲ್ಲಿ, ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ರೋಗಿ ಬೆಂಗಳೂರಿಗೆ ಬರಬೇಕಿಲ್ಲ ಎಂದು ತೋರಿಸಿದ್ದು ಅಲ್ಲಿ. ಇಂದು ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡೂ ಆಯಿತು. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಗೋ ಆಶಾ ಕಾರ್ಯಕರ್ತೆಯರಿಗೋ ಕೇಳಿ ಖಚಿತಪಡಿಸಿಕೊಂಡು ಹೋಗಿ. ಔಷಧಿ ಅಲ್ಲೇ ಸಿಗುತ್ತದೆ. ಗಂಟೆಗಟ್ಟಲೆ ಮಾತಿನ ಚಿಕಿತ್ಸೆ ಅಲ್ಲಿ ಸಿಗುವುದು ಕಷ್ಟ.

ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್, ದಕ್ಷಿಣದವರಿಗೆ ನಿಮ್ಹಾನ್ಸ್. ನಿಮ್ಹಾನ್ಸ್ ಅಂದರೆ "ಹುಚ್ಚಾಸ್ಪತ್ರೆ" ಎಂದು ಹಳಬರು ಇನ್ನೂ ಅನ್ನುವುದುಂಟು. ಆ ಹೆಸರಿಗೆ ಹೆದರಿ ಒಳ್ಳೆಯ ಚಿಕಿತ್ಸೆ ಬಿಡುವುದು ಮೂರ್ಖತನ. ಆದರೆ ಹೊಸೂರು ರಸ್ತೆಯ ಒಪಿಡಿಗೆ ಬೆಳಗ್ಗೆ ಬೇಗ ಹೋಗಬೇಕು, ಇಡೀ ದಿನ ಇಟ್ಟುಕೊಂಡಿರಬೇಕು, ಮೊದಲ ದಿನ ಪ್ರಾಥಮಿಕ ತಪಾಸಣೆ, ವಿವರವಾದ ಮಾತುಕತೆಗೆ ಮತ್ತೊಂದು ದಿನ ಎಂದಾಗಬಹುದು. ದೂರದ ಊರಿನಿಂದ ವಾರ ವಾರ ಬರಲು ಆಗದವರು ಅಲ್ಲಿ ರೋಗ ನಿರ್ಣಯ ಮಾಡಿಸಿಕೊಂಡು ಊರಿನಲ್ಲಿ ಮುಂದುವರಿಸುವುದು ವಾಸಿ. ಕೆಲಸದ ಒತ್ತಡ, ಆತಂಕ, ಸಂಬಂಧಗಳ ತೊಡಕು ಇರುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಆಸ್ಪತ್ರೆಯ ವಾತಾವರಣ ಇರುವುದಿಲ್ಲ.

ವಿಡಿಯೋ ಕಾಲ್, ಆ್ಯಪ್

ಸಿರಸಿಯಲ್ಲೋ ಸಿಂಧನೂರಿನಲ್ಲೋ ಇರುವವರಿಗೆ ಕನ್ನಡ ಬಲ್ಲ ಒಳ್ಳೆಯ ಸೈಕಾಲಜಿಸ್ಟ್ ಸಿಗುವ ದಾರಿ ಇದೊಂದೇ ಆಗಿರಬಹುದು. ಆತಂಕದ ಸಿಬಿಟಿ ವಿಡಿಯೋದಲ್ಲೂ ಚೆನ್ನಾಗಿ ನಡೆಯುತ್ತದೆ. ದೊಡ್ಡ ಅಡ್ಡಿ ಖಾಸಗಿತನ: ಮಾವ ಹಾಲ್‌ನಲ್ಲಿ ಟಿವಿ ನೋಡುತ್ತಿರುವಾಗ ಸೊಸೆ ಪಕ್ಕದ ಕೋಣೆಯಿಂದ ಏನು ಮಾತಾಡಿಯಾಳು? ತೋಟಕ್ಕೆ ಹೋಗಿ, ನಿಂತ ಕಾರಿನಲ್ಲಿ ಕೂತು, ಗೆಳತಿಯ ಮನೆಯಿಂದ ಸೆಷನ್ ತೆಗೆದುಕೊಳ್ಳುವವರಿದ್ದಾರೆ. ಅದೂ ಒಂದು ಉಪಾಯವೇ. ಚಾಟ್‌ನಲ್ಲಿ ಉತ್ತರಿಸುವ ಆ್ಯಪ್‌ಗಳನ್ನು ಮಾತ್ರ ನಾನು ಕೊನೆಯಲ್ಲಿಡುತ್ತೇನೆ. ಉಸಿರಾಟದ ಅಭ್ಯಾಸಕ್ಕೆ, ಚಿಂತೆಗಳನ್ನು ಬರೆದಿಡಲು ಅಡ್ಡಿಯಿಲ್ಲ, ಆದರೆ ನಿಮ್ಮ ಕೈಯ ಆ ನೀರಿನ ಬಾಟಲಿಯನ್ನು ಬಿಡಿಸುವುದು ಅವುಗಳ ಕೈಲಾಗುವುದು ಕಡಿಮೆ. ಕಂಪನಿಗಳು ನೌಕರರಿಗೆ ಪುಕ್ಕಟೆ ಕೊಡಿಸುವ ಕೆಲವು ಸೆಷನ್‌ಗಳನ್ನು ಖಂಡಿತ ಬಳಸಿಕೊಳ್ಳಿ. ಎಚ್‌ಆರ್‌ಗೆ ಏನು ಮಾಹಿತಿ ಹೋಗುತ್ತದೆ ಎಂದು ಮೊದಲ ಕರೆಯಲ್ಲೇ ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ಜಿಪಿಯ (ಅಲ್ಲಿನ ಫ್ಯಾಮಿಲಿ ಡಾಕ್ಟರ) ಚೀಟಿಯಿಲ್ಲದೆ ನೀವೇ ಹೆಸರು ಕೊಡಬಹುದು, ಸಿಬಿಟಿ ಪುಕ್ಕಟೆ. ಅಮೆರಿಕದಲ್ಲಿ ಥೆರಪಿಸ್ಟ್‌ಗಳ ಲೈಸೆನ್ಸ್ ರಾಜ್ಯವಾರು ಇರುತ್ತದೆ. ತುರ್ತು ಬಂದಾಗ ನೋಡಿಕೊಳ್ಳಲು ಸ್ಥಳೀಯರೊಬ್ಬರು ಇರಲೇಬೇಕು. ಆ ಏರ್ಪಾಡು ಇಟ್ಟುಕೊಂಡು, ಮನೆಯ ಮಾತು ಮನೆಯ ಭಾಷೆಯಲ್ಲೇ ಆಡಬೇಕೆನಿಸಿದರೆ ಊರಿನ ಥೆರಪಿಸ್ಟ್ ಒಬ್ಬರನ್ನು ಹುಡುಕಿ.

ಯೋಗ, ಧ್ಯಾನ, ದೇವರು

2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿ ಎಸ್ಸಿಟಾಲೋಪ್ರಾಮ್ ಮಾತ್ರೆಗೆ ಸರಿಸಾಟಿಯಾಗಿ ನಿಂತಿತು. ಇದನ್ನು ಓದಿ "ನೋಡಿ, ಧ್ಯಾನ ಸಾಕು" ಎನ್ನುವವರು ಅದರ ಕಟ್ಟುಪಾಡನ್ನೂ ಓದಬೇಕು: ವಾರಕ್ಕೆ ಎರಡೂವರೆ ಗಂಟೆಯ ತರಗತಿ, ಒಂದು ಇಡೀ ದಿನದ ಶಿಬಿರ, ದಿನಾ 45 ನಿಮಿಷದ ಅಭ್ಯಾಸ. ಯೂಟ್ಯೂಬಿನಲ್ಲಿ ಐದು ನಿಮಿಷ ಕಣ್ಣು ಮುಚ್ಚಿದ್ದಕ್ಕೆ ಆ ಫಲ ಕೇಳಬಾರದು. ಪ್ಯಾನಿಕ್ ಇರುವ ಕೆಲವರಿಗೆ ಉಸಿರಿನ ಮೇಲೆ ಗಮನವಿಟ್ಟರೆ ಭಯ ಹೆಚ್ಚುತ್ತದೆ. ಅಂಥವರು ವೇಗದ ನಡಿಗೆಯಿಂದ ಶುರು ಮಾಡಲಿ.

ದೇವಸ್ಥಾನ, ದರ್ಗಾ, ಹರಕೆಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸಮಾಧಾನ ಎಲ್ಲಿ ಸಿಗುತ್ತದೋ ಅಲ್ಲಿ ಪಡೆಯಿರಿ. ಮಾತ್ರೆ ನಿಲ್ಲಿಸು ಎಂದು ಯಾರಾದರೂ ಹೇಳಿದರೆ, ಅಥವಾ ಸಾವಿರಾರು ರೂಪಾಯಿಯ ಪೂಜೆ ಮಾಡಿಸದಿದ್ದರೆ ಕೇಡು ಎಂದು ಹೆದರಿಸಿದರೆ ಎದ್ದು ಬನ್ನಿ. ಹೆದರಿದವರನ್ನು ಇನ್ನಷ್ಟು ಹೆದರಿಸುವುದು ಯಾವ ಧರ್ಮದ ಕೆಲಸವೂ ಅಲ್ಲ.

ನಾನಾದರೆ ಹೀಗೆ ಆರಿಸುತ್ತೇನೆ

ಬೆಂಗಳೂರಿನ ಪಿಜಿಯಲ್ಲಿದ್ದು, ಪ್ರೆಸೆಂಟೇಷನ್ ಅಂದರೆ ನಡುಗುವ, ಕೆಲಸಕ್ಕೆ ಹೋಗಿಬರುತ್ತಿರುವ ಹುಡುಗನಿಗೆ ನೇರ ಕ್ಲಿನಿಕಲ್ ಸೈಕಾಲಜಿಸ್ಟ್. ಕಂಪನಿಯ ಪುಕ್ಕಟೆ ಸೆಷನ್ ಮೊದಲು, ಸಾಲದಿದ್ದರೆ ಸ್ವಂತ ಖರ್ಚು. ತಾಲೂಕು ಕೇಂದ್ರದಲ್ಲಿದ್ದು, ಎರಡು ವರ್ಷದಿಂದ ಎದೆಬಡಿತಕ್ಕೆ ಹೆದರಿ ಪೇಟೆಗೇ ಹೋಗದ ಗೃಹಿಣಿಗೆ ಮಂಗಳವಾರದ ಕ್ಲಿನಿಕ್ಕಿನಲ್ಲಿ ಔಷಧಿ, ಜೊತೆಗೆ ವಿಡಿಯೋದಲ್ಲಿ ಸಿಬಿಟಿ. ಗಂಡನನ್ನು ಒಂದು ಸೆಷನ್ನಿಗಾದರೂ ಕೂರಿಸಬೇಕು. ನಿದ್ದೆಗೆಂದು ದಿನಾ ಕ್ವಾರ್ಟರ್ ಹಾಕುವವನಿಗೆ ಕೌನ್ಸೆಲರ್ ಸಾಲದು. ಕುಡಿತ ಆ ರಾತ್ರಿ ಮಲಗಿಸಿ ಮರುದಿನದ ಆತಂಕವನ್ನು ಹೆಚ್ಚಿಸುತ್ತದೆ, ಏಕಾಏಕಿ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಸೈಕಿಯಾಟ್ರಿಸ್ಟ್ ಬೇಕೇ ಬೇಕು. ಬಾಣಂತಿಗೆ ಮಗುವಿನ ಬಗ್ಗೆ ಭೀಕರ ಯೋಚನೆಗಳು ಬರುತ್ತಿದ್ದರೆ, ನಿದ್ದೆಯೇ ಇಲ್ಲದಿದ್ದರೆ "ಬಾಣಂತನದಲ್ಲಿ ಹಾಗೇ" ಎಂದು ತಳ್ಳಿಹಾಕದೆ ಅದೇ ವಾರ ಸೈಕಿಯಾಟ್ರಿಸ್ಟ್. ಹಾಲೂಡಿಸುವಾಗಲೂ ಕೊಡಬಹುದಾದ ಔಷಧಿಗಳಿವೆ. ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವೂ ಇದೆ.

"ಮದುವೆಗೆ ಅಡ್ಡಿಯಾದರೆ?" ಎಂದು ತಾಯಂದಿರು ಕೇಳುತ್ತಾರೆ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂಬುದು ರೋಗಿಯ ಹಕ್ಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭ ಬಿಟ್ಟರೆ ಡಾಕ್ಟರಾಗಲಿ ಥೆರಪಿಸ್ಟ್ ಆಗಲಿ ಹೊರಗೆ ಹೇಳುವಂತಿಲ್ಲ. ಮಗಳು ಲಿಫ್ಟು ಹತ್ತದೇ ಇರುವುದನ್ನು ಮಾತ್ರ ಗಂಡಿನ ಕಡೆಯವರು ಮೊದಲ ದಿನವೇ ನೋಡುತ್ತಾರೆ.

ಆರಿಸಿದ ಮೇಲೆ ಐದಾರು ಸೆಷನ್ ಕೊಟ್ಟು ನೋಡಿ. ಆ ಹೊತ್ತಿಗೆ ನಿಮ್ಮ ತೊಂದರೆ ಹೇಗೆ ಸುತ್ತುತ್ತಿದೆ ಎಂಬುದು ನಿಮಗೆ ಅರ್ಥವಾಗಿರಬೇಕು, ಬಿಟ್ಟಿದ್ದವುಗಳಲ್ಲಿ ಒಂದನ್ನಾದರೂ ಮತ್ತೆ ಮಾಡಲು ಯತ್ನಿಸಿರಬೇಕು. ಬರೀ ಅತ್ತು ಹಗುರಾಗಿ ಬರುತ್ತಿದ್ದರೆ, ಎದುರಿನವರು ತಲೆ ಮಾತ್ರ ಆಡಿಸುತ್ತಿದ್ದರೆ, ಅಥವಾ ಅವರ ಇಂಗ್ಲಿಷಿಗೆ ನಿಮ್ಮ ಮಾತನ್ನು ಹೊಂದಿಸುವುದರಲ್ಲೇ ಗಂಟೆ ಕಳೆಯುತ್ತಿದ್ದರೆ "ನನಗೆ ಇದರಿಂದ ಅಷ್ಟು ಉಪಯೋಗ ಆಗ್ತಿಲ್ಲ, ಬೇರೆಯವರನ್ನು ಸೂಚಿಸ್ತೀರಾ?" ಎಂದು ಅವರನ್ನೇ ಕೇಳಿ. ಒಳ್ಳೆಯ ಥೆರಪಿಸ್ಟ್ ಬೇಸರಿಸದೆ ಎರಡು ಹೆಸರು ಬರೆದುಕೊಡುತ್ತಾರೆ, ಇದುವರೆಗಿನ ಟಿಪ್ಪಣಿಯ ಸಾರಾಂಶವನ್ನೂ ಕೊಡುತ್ತಾರೆ. ಅದನ್ನು ಕೇಳಿ ಪಡೆದುಕೊಳ್ಳಿ, ಹೊಸಬರ ಹತ್ತಿರ ಎಲ್ಲವನ್ನೂ ಮೊದಲಿಂದ ಹೇಳುವ ಶ್ರಮ ಉಳಿಯುತ್ತದೆ.